ತಾಡಪತ್ರಿ ಎಲ್ಲಿಂದ ಹರಿಯುತ್ತದೆ?

ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯಿಂದ ಬಾದಾಮಿಯ ಕಡೆಗೆ ರಸ್ತೆ ಕವಲೊಡೆಯುವ ಕುಳಗೇರಿ ಕ್ರಾಸ್‌ನಲ್ಲಿ ಸುಗ್ಗಿಯ ದಿನಗಳಲ್ಲಿ ಹಾದುಹೋಗುವ ಗೋವಿನಜೋಳ, ಉಳ್ಳಾಗಡ್ಡಿ, ಕಡಲೆಯ ಹೇರುಗಳೆಲ್ಲವೂ ತಾಡಪತ್ರಿಯ ಆಶ್ರಯದಲ್ಲೇ ಸಾಗುತ್ತವೆ. ಬಿಸಿಲು ಮಳೆಗೆ ಅಂಜದೆ ಬರಿಮೈಯಲ್ಲಿ ಹೋಗುವ ಸರಕೆಂದರೆ ಇಳಕಲ್ಲಿನ ಗ್ರಾನೈಟ್ ಬಂಡೆಯೊಂದೇ ಎನ್ನಬಹುದು. ಟ್ರೇಲರಿನ ಮೇಲೆ ಗಾಳಿಯನ್ನು ತಡೆಯುವುದೂ ಕಣದಲ್ಲಿ ರಾಶಿಯ ಮೇಲೆ ತಿಂಗಳುಗಟ್ಟಲೆ ಬಿದ್ದಿರುವುದೂ ಒಂದೇ ಹೊದಿಕೆಯ ಪಾಲಿಗೆ ಬರುವುದರಿಂದ, ಅದು ಎರಡು ಬೇರೆ ಬೇರೆ ರೀತಿಗಳಲ್ಲಿ ಸವೆಯುತ್ತದೆ. ಅದನ್ನು ಕೊಲ್ಲುವುದು ಮಳೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ನೀರಿನಿಂದ ಅದಕ್ಕೆ ಆಗುವ ಹಾನಿ ತೀರ ಕಡಿಮೆ.

ಈ ಮಾತಿಗೆ ಹಳೆಯ ನಿದರ್ಶನವೊಂದು ಈ ಸೀಮೆಯ ಹೊಳೆಗಳಲ್ಲೇ ಇದೆ. ಹರಿಗೋಲು ಎಂಬುದು ಹೆಣೆದ ಬಿದಿರಿನ ಚೌಕಟ್ಟಿಗೆ ಹೊದಿಕೆ ತೊಡಿಸಿದ ದೋಣಿಯಾದ್ದರಿಂದ, ಅಲ್ಲಿ ಹೊದಿಕೆಯೆಂದರೆ ದೋಣಿಯ ಮೈಯೇ ಹೌದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಹೊಳೆ ದಾಟಿಸುತ್ತಿದ್ದ ಬುಟ್ಟಿಯಾಕಾರದ ದೋಣಿಗಳ ಒಳಮೈ ಬೆತ್ತದ್ದೂ ಹೊರಮೈ ಚರ್ಮದ್ದೂ ಆಗಿತ್ತೆಂದು ದಾಖಲಿಸಿದ್ದಾನೆ. ನೆನೆದ ಚರ್ಮ ಸೂಕ್ಷ್ಮಜೀವಿಗಳಿಂದ ಕೊಳೆಯುತ್ತದೆ, ಅತಿಯಾಗಿ ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಕಾಲಕಾಲಕ್ಕೆ ಅದನ್ನು ಬದಲಿಸುವುದು ಅನಿವಾರ್ಯವಾಗಿತ್ತು. ಇಂದು ಆ ಸ್ಥಾನಕ್ಕೆ ಪ್ಲಾಸ್ಟಿಕ್ ಚೀಲಗಳನ್ನು ಹೊಲಿದು, ಮೇಲೆ ಡಾಂಬರು ಬಳಿದ ಹೊದಿಕೆ ಬಂದಿದೆ. ಡಾಂಬರಿನ ಕೆಲಸ ನೀರು ತಡೆಯುವುದೆಂದು ಮೇಲ್ನೋಟಕ್ಕೆ ಕಂಡರೂ, ಅದರ ಕಪ್ಪು ಪದರವು ಬಿಸಿಲನ್ನು ತಾನೇ ಹೀರಿಕೊಂಡು ಕೆಳಗಿನ ಚೀಲದ ಎಳೆಗಳನ್ನು ಉಳಿಸುವುದು ಅಷ್ಟೇ ಮುಖ್ಯವಾದ ಕೆಲಸ. ಡಾಂಬರು ಗಡುಸಾಗಿ ಬಿರುಕು ಬಿಟ್ಟ ಕಡೆಯಲ್ಲೆಲ್ಲ ಬಿಸಿಲು ಒಳಹೊಕ್ಕು ಎಳೆಗಳು ಬಲಗುಂದುವುದರಿಂದ, ಹರಿಗೋಲಿಗೆ ಮತ್ತೆ ಮತ್ತೆ ಡಾಂಬರು ಬಳಿಯುವ ರೂಢಿಯಲ್ಲಿ ಒಳ್ಳೆಯ ರಸಾಯನವಿಜ್ಞಾನವೇ ಅಡಗಿದೆ.

ಹೊಲದ ತಾಡಪತ್ರಿಯೂ ಅದೇ ಕುಲದ ವಸ್ತು. ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಕಿರುಪಟ್ಟಿಗಳನ್ನು ಬಟ್ಟೆಯಂತೆ ನೇಯ್ದು, ಅದರ ಎರಡೂ ಬದಿಗೆ ಕಡಿಮೆ ಸಾಂದ್ರತೆಯ ಪಾಲಿಎಥಿಲೀನಿನ ತೆಳುಪದರವನ್ನು ಬಿಸಿಯಲ್ಲಿ ಅಂಟಿಸಿ ಇದನ್ನು ತಯಾರಿಸುತ್ತಾರೆ; ನೇಯ್ಗೆ ಬಲವನ್ನೂ ಪದರ ಜಲನಿರೋಧವನ್ನೂ ಒದಗಿಸುತ್ತದೆ. ಇಂಥ ತಾಡಪತ್ರಿಗೆ ಐಎಸ್ 7903 ಎಂಬ ಭಾರತೀಯ ಮಾನಕವಿದೆ. ಅಂಗಡಿಯಲ್ಲಿ ಕೇಳಿಬರುವ ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಹೊದಿಕೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ: 250 ಜಿಎಸ್‌ಎಂನ, 8 ಮೀಟರ್ ಉದ್ದ 6 ಮೀಟರ್ ಅಗಲದ ತಾಡಪತ್ರಿ 48 ಚದರ ಮೀಟರ್ ಇದ್ದು 12 ಕಿಲೋ ತೂಗಬೇಕು. ಈ ಗುಣಾಕಾರ ತಿಳಿದ ಗ್ರಾಹಕನು ತಕ್ಕಡಿಯೊಂದರಿಂದಲೇ ಮಾರಾಟಗಾರನ ಮಾತನ್ನು ಪರೀಕ್ಷಿಸಬಹುದು.

ಆದರೆ ತಕ್ಕಡಿಗೆ ಸಿಗದ ಗುಣವೇ ಹೊದಿಕೆಯ ಆಯುಷ್ಯವನ್ನು ನಿರ್ಧರಿಸುತ್ತದೆ. ಪಾಲಿಎಥಿಲೀನಿನ ಅಣುವು ಸಾವಿರಾರು ಇಂಗಾಲದ ಪರಮಾಣುಗಳು ಒಂದಕ್ಕೊಂದು ಕೂಡಿಕೊಂಡ ಉದ್ದನೆಯ ಸರಪಳಿಯಾಗಿದ್ದು, ಈ ಉದ್ದವೇ ಅದರ ಬಲದ ಮೂಲ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ, ನೇರಳೆ ಬಣ್ಣಕ್ಕಿಂತ ಕಡಿಮೆ ತರಂಗಾಂತರದ ಅತಿನೇರಳೆ ಕಿರಣಗಳಿವೆ. ಶುದ್ಧ ಪಾಲಿಎಥಿಲೀನ್ ನೆಲಕ್ಕೆ ತಲಪುವ ಈ ಕಿರಣಗಳನ್ನು ಹೀರುವುದೇ ಇಲ್ಲವೆನ್ನುವಷ್ಟು ಕಡಿಮೆ. ಆದರೆ ತಯಾರಿಕೆಯ ಹಂತದಲ್ಲಿ ಉಳಿದ ಕಲ್ಮಷಗಳೂ ಆಮ್ಲಜನಕ ಸೇರಿ ರೂಪಾಂತರಗೊಂಡ ಅಣುಭಾಗಗಳೂ ಅವನ್ನು ಹೀರಿಕೊಂಡು ಒಡೆಯುತ್ತವೆ. ಒಡೆದ ಭಾಗಗಳು ಮುಕ್ತ ರಾಡಿಕಲ್‌ಗಳಾಗುತ್ತವೆ, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನನ್ನು ಹೊತ್ತು ಬೇರೆ ಅಣುಗಳ ಮೇಲೆ ಎರಗುವ ತುಣುಕುಗಳಾಗುತ್ತವೆ. ಅವು ಗಾಳಿಯ ಆಮ್ಲಜನಕದೊಡನೆ ಕೂಡಿ ಪಕ್ಕದ ಸರಪಳಿಯಿಂದ ಹೈಡ್ರೋಜನನ್ನು ಕಿತ್ತುಕೊಳ್ಳುತ್ತವೆ. ಹೀಗೆ ಹುಟ್ಟಿದ ಪೆರಾಕ್ಸೈಡ್‌ಗಳು ಮತ್ತೆ ಬೆಳಕಿಗೆ ಒಡೆದು ಇನ್ನಷ್ಟು ರಾಡಿಕಲ್‌ಗಳನ್ನು ಹಡೆಯುತ್ತವೆ. ಹಾನಿಯು ತನ್ನನ್ನು ತಾನೇ ಬೆಳೆಸಿಕೊಳ್ಳುವುದರಿಂದಲೇ ತಾಡಪತ್ರಿ ಬಹುಕಾಲ ಗಟ್ಟಿಯಾಗಿದ್ದಂತೆ ತೋರಿ, ಕೊನೆಗೆ ಕೆಲವೇ ವಾರಗಳಲ್ಲಿ ಹಪ್ಪಳದಂತೆ ಪುಡಿಯಾಗುತ್ತದೆ. ಉಷ್ಣತೆ ಏರಿದಂತೆ ಈ ಕ್ರಿಯೆಗಳು ಚುರುಕಾಗುತ್ತವೆ. ಬಾಗಲಕೋಟೆಯ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಅಂಗಳದಲ್ಲಿ ಬಿಚ್ಚಿ ಬಿಟ್ಟ ಹೊದಿಕೆಯು ಮುಂಗಾರು ಬರುವ ಮೊದಲೇ ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಂಡಿರಬಹುದು.

ಇದನ್ನು ತಡೆಯಲು ಪ್ಲಾಸ್ಟಿಕ್ಕಿಗೆ ರಕ್ಷಕ ವಸ್ತುಗಳನ್ನು ಬೆರೆಸುತ್ತಾರೆ. ಮಸಿಯಂಥ ನುಣುಪಾದ ಕಾರ್ಬನ್ ಬ್ಲ್ಯಾಕ್ ಕಿರಣಗಳನ್ನು ತಾನೇ ನುಂಗುತ್ತದೆಯಾದ್ದರಿಂದ, ಚೆನ್ನಾಗಿ ಬೆರೆಸಿದ ಕಪ್ಪು ಹೊದಿಕೆ ಸಾಮಾನ್ಯವಾಗಿ ಹೆಚ್ಚು ಬಾಳುತ್ತದೆ. ಅಮೀನ್ ವರ್ಗದ ಇನ್ನೊಂದು ಬಗೆಯ ರಕ್ಷಕಗಳು ಹುಟ್ಟಿದ ರಾಡಿಕಲ್‌ಗಳನ್ನು ಹಿಡಿದು ನಿಷ್ಕ್ರಿಯಗೊಳಿಸಿ, ತಾವು ಪುನಃ ಮೊದಲಿನ ರೂಪಕ್ಕೆ ಮರಳಿ ಬಹುಕಾಲ ದುಡಿಯುತ್ತವೆ. ಆದರೆ ಗಂಧಕ ಮತ್ತು ಕೆಲವು ಕೀಟನಾಶಕಗಳ ಸಂಪರ್ಕದಲ್ಲಿ ಅವು ಬಲಹೀನವಾಗುತ್ತವೆ. ಗಂಧಕದ ಪುಡಿ ಎರಚುವ ದ್ರಾಕ್ಷಿ ತೋಟದಲ್ಲೂ ಔಷಧಿಯ ಡಬ್ಬಿಗಳ ಮೇಲೂ ಬಳಸಿದ ತಾಡಪತ್ರಿ ಬೇಗ ಮುಗಿಯುವುದಕ್ಕೆ ಇದೂ ಒಂದು ಕಾರಣವಾಗಬಹುದು. ಕೊಳ್ಳುವವರು ದಪ್ಪವನ್ನು ಮಾತ್ರ ವಿಚಾರಿಸಿ ರಕ್ಷಕದ ಬಗ್ಗೆ ಕೇಳದಿರುವುದು ತಪ್ಪು ಲೆಕ್ಕಾಚಾರ. ರಕ್ಷಕವಿಲ್ಲದ ದಪ್ಪ ಹೊದಿಕೆಗಿಂತ ರಕ್ಷಕವಿರುವ ತೆಳು ಹೊದಿಕೆ ಹೆಚ್ಚು ಸುಗ್ಗಿಗಳನ್ನು ಕಾಣುವ ಸಾಧ್ಯತೆ ಇದೆ.

ರಸ್ತೆಯ ಮೇಲಿನ ಸವೆತದ ಬಗೆಯೇ ಬೇರೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ: ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯು ಚದರ ಮೀಟರಿಗೆ ಸುಮಾರು 7.5 ಕಿಲೋ ಭಾರದಷ್ಟು ಒತ್ತಿದರೆ, 80ರಲ್ಲಿ ಅದು ಸುಮಾರು 30 ಕಿಲೋ ಭಾರದಷ್ಟಾಗುತ್ತದೆ. ಟ್ರ್ಯಾಕ್ಟರಿನ ಹಿಂದೆ ವರ್ಷಗಟ್ಟಲೆ ಉಳಿದ ಹೊದಿಕೆಯನ್ನು ಹೆದ್ದಾರಿಯ ಲಾರಿಗೆ ಕಟ್ಟಿದ ಕೂಡಲೇ ಅದು ಹರಿಯುವುದಕ್ಕೆ ಈ ಲೆಕ್ಕವೇ ಕಾರಣ. ಸಡಿಲವಾಗಿ ಕಟ್ಟಿದರೆ ಹೊದಿಕೆ ಪಟಪಟನೆ ಬಡಿದುಕೊಳ್ಳುತ್ತದೆ. ಪ್ರತಿ ಬಡಿತದಲ್ಲಿ ಒಂದೇ ಗೆರೆಯಲ್ಲಿ ಮಡಚಿ ಬಿಚ್ಚುವ ಎಳೆಗಳು ದಣಿದು ತುಂಡಾಗುತ್ತವೆ. ಹಗ್ಗ ಪೋಣಿಸುವ ರಿಂಗಿನ ಸುತ್ತ ಸಮಸ್ಯೆ ಇನ್ನೂ ತೀವ್ರ. ಏಕರೂಪದ ಹಾಳೆಯಲ್ಲಿ ದುಂಡಗಿನ ತೂತಿದ್ದರೆ ಅದರ ಅಂಚಿನಲ್ಲಿ ಎಳೆತದ ಪ್ರಮಾಣ ಸುಮಾರು ಮೂರು ಪಟ್ಟಾಗುತ್ತದೆ; ತೂತು ದುಂಡಗಿರದೆ ಸೀಳಿನಂತೆ ಚೂಪಾಗಿದ್ದರೆ ತುದಿಯಲ್ಲಿ ಇದು ಬಹುಪಟ್ಟು ಏರುತ್ತದೆಂದು ಇಂಗ್ಲೆಂಡಿನ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ 1913ರಲ್ಲೇ ಗಣಿತದಿಂದ ತೋರಿಸಿದ. ಬೆರಳಗಲದ ಸೀಳು ಒಂದೇ ಪ್ರಯಾಣದಲ್ಲಿ ಮಾರುದ್ದವಾಗುವುದು ಹೀಗೆ. ಎಲ್ಲ ಭಾರವನ್ನು ರಿಂಗುಗಳಿಗೇ ಬಿಡದೆ ಹೇರಿನ ಮೇಲಿಂದ ಅಡ್ಡಹಗ್ಗ ಬಿಗಿಯುವುದು, ಟ್ರೇಲರಿನ ಕಬ್ಬಿಣದ ಮೂಲೆ ತಾಗುವಲ್ಲಿ ಹಳೆಯ ಗೋಣಿಚೀಲ ಮಡಚಿ ಇಡುವುದು ಆದ್ದರಿಂದ ಬಹಳ ಲಾಭದಾಯಕ.

ಸಂಗ್ರಹದ ಹೊದಿಕೆಗೆ ಗಾಳಿಯ ಕಾಟ ಕಡಿಮೆ, ಆದರೆ ಒಳಗಿನ ತೇವ ಅದರ ತೊಡಕು. ರಾತ್ರಿ ಹೊತ್ತು ತಾಡಪತ್ರಿಯು ತೆರೆದ ಆಕಾಶದ ಕಡೆಗೆ ಶಾಖವನ್ನು ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ; ಹಸಿ ಗೋವಿನಜೋಳದಿಂದ ಏಳುವ ಆವಿ ಅದರ ಒಳಮೈಯಲ್ಲಿ ಹನಿಯಾಗಿ ರಾಶಿಯ ಮೇಲೇ ಬೀಳುತ್ತದೆ. ಕಾಳಿನ ತೇವಾಂಶ ಶೇಕಡಾ 14ಕ್ಕಿಂತ ಹೆಚ್ಚಾದಷ್ಟೂ ಬೂಷ್ಟು ಬೆಳೆಯುವ ಅಪಾಯ ಏರುತ್ತದೆ. ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿಸುವ ಶಿಲೀಂಧ್ರವೂ ಅದರಲ್ಲಿ ಸೇರಿರಬಹುದು. ಹಗಲಲ್ಲಿ ಹೊದಿಕೆಯನ್ನು ಸರಿಸಿ ಗಾಳಿಯಾಡಿಸದಿದ್ದರೆ ಹೊಸ ತಾಡಪತ್ರಿಯೂ ಮಾಲನ್ನು ಕೆಡಿಸಬಲ್ಲದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳನ್ನು ಸುತ್ತುವರಿದಂಥ ನೆರೆಗಳಲ್ಲಿ ರಕ್ಷಣೆಗೆ ಇಳಿಯುವ, ಗಾಳಿ ತುಂಬುವ ದೋಣಿಗಳ ಸಂಗತಿಯೂ ಇಂಥದೇ: ಕೆಲವು ದಿನ ನೀರಿನಲ್ಲಿದ್ದು ಉಳಿದ ಕಾಲವೆಲ್ಲ ಮಡಚಿಕೊಂಡೇ ಇರುವ ಅವುಗಳನ್ನು ಒದ್ದೆಯಾಗಿ ಸುತ್ತಿಟ್ಟರೆ ಮಡಿಕೆಗಳಲ್ಲಿ ಬೂಷ್ಟು ಹಿಡಿಯುತ್ತದೆ, ಅದೇ ಗೆರೆಯಲ್ಲಿ ಪದೇ ಪದೇ ಮಡಚಿದರೆ ಅಲ್ಲಿಯೇ ಬಿರುಕು ಮೂಡುತ್ತದೆ.

ಬದಲಾವಣೆಯ ಸಮಯವನ್ನು ಬಣ್ಣ ನೋಡಿ ಗುರುತಿಸುವುದು ನಂಬಲರ್ಹವಲ್ಲ. ಮೇಲ್ಮೈಯನ್ನು ಬೆರಳಿನಿಂದ ಉಜ್ಜಿದಾಗ ಬಿಳಿಯ ಹುಡಿ ಅಂಟುವುದು, ಬಿಸಿಲಿಗೆ ಹಿಡಿದಾಗ ಮಡಿಕೆಯ ಗೆರೆಯುದ್ದಕ್ಕೂ ಸೂಜಿಮೊನೆಯಂಥ ಬೆಳಕು ಕಾಣುವುದು, ಅಂಚನ್ನು ಕೈಯಿಂದ ಎಳೆದಾಗ ಹಿಗ್ಗದೆ ಪಟ್ಟೆಂದು ಕಡಿಯುವುದು ಹೆಚ್ಚು ಖಚಿತ ಲಕ್ಷಣಗಳು. ಪಾಲಿಎಥಿಲೀನಿನ ಮೇಲ್ಮೈಗೆ ಸಾಮಾನ್ಯ ಅಂಟುಗಳು ಹಿಡಿಯುವುದಿಲ್ಲ. ಹೊಲಿದರೆ ಸೂಜಿಯ ತೂತುಗಳಿಂದ ಹೊಸ ಸೀಳು ಆರಂಭವಾಗುತ್ತದೆ. ಕಾಯಿಸಿ ಬೆಸೆದ ತೇಪೆ ಹೊಸ ಹೊದಿಕೆಯಲ್ಲಿ ನಿಲ್ಲುತ್ತದಾದರೂ, ಸರಪಳಿಗಳು ತುಂಡಾಗಿರುವ ಹಳೆಯದರಲ್ಲಿ ತೇಪೆಯ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಸವೆದ ತಾಡಪತ್ರಿಯನ್ನು ಮೇವಿನ ಬಣವೆಗೆ ಹೊದಿಸುವ ರೂಢಿಗೆ ಮಾತ್ರ ಇಲ್ಲಿ ಆಕ್ಷೇಪ ಎತ್ತಬೇಕಾಗಿದೆ, ಏಕೆಂದರೆ ಗಾಳಿಗೆ ಉದುರುವ ಅದರ ಚೂರುಗಳು ಮೇವಿನಲ್ಲಿ ಬೆರೆತು ದನದ ಹೊಟ್ಟೆ ಸೇರಿದರೆ ಜೀರ್ಣವಾಗದೆ ಅಲ್ಲಿಯೇ ಕೂಡಿಕೊಳ್ಳುತ್ತವೆ. ಬಿಸಿಲು ಬೀಳದ ಉಗ್ರಾಣದ ನೆಲದಲ್ಲಿ ಚೀಲಗಳ ಕೆಳಗೆ ಹಾಸಿದರೆ ಅದೇ ಹೊದಿಕೆಯು ಇನ್ನೂ ಕೆಲವು ವರ್ಷ ನೆಲದ ತೇವವನ್ನು ತಡೆಯಬಲ್ಲದು.