ಬರಿದಾದ ಮೇಲಂತಸ್ತು: ಸೋಹೋದ ವಸತಿಯಲ್ಲಿ ರೂಢಿ ಮತ್ತು ಶಾಸನ

ಹಳೆಯ ಪೇಟೆಗಳಲ್ಲಿ ವ್ಯಾಪಾರ ಕುಗ್ಗಿದಾಗ ನೆಲಮಟ್ಟದ ಅಂಗಡಿಗಳು ಹೇಗೋ ಉಳಿದುಕೊಳ್ಳುತ್ತವೆ. ಮೊದಲು ಬರಿದಾಗುವುದು ಮೇಲಂತಸ್ತುಗಳು. ಇಂಥ ಅಂತಸ್ತುಗಳು ವಾಸದ ಮನೆಗಳಾಗಿ ಮಾರ್ಪಟ್ಟುದಕ್ಕೆ ನ್ಯೂಯಾರ್ಕ್ ನಗರದ ಸೋಹೋ ಪ್ರದೇಶವು ಮುಖ್ಯ ನಿದರ್ಶನವಾಗಿದೆ. ಅಲ್ಲಿ ‘ಲಾಫ್ಟ್’ ಎಂದರೆ ಕಾಳುಕಡಿ, ಪಾತ್ರೆಪಗಡಗಳನ್ನಿಡುವ ನಮ್ಮ ಅಟ್ಟವಲ್ಲ. ಅಡ್ಡಗೋಡೆಗಳಿಲ್ಲದ ಒಂದು ಇಡೀ ಅಂತಸ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಎರಕದ ಕಬ್ಬಿಣದ ಮುಂಭಾಗಗಳೊಡನೆ ಇಲ್ಲಿ ಎದ್ದ ಕಟ್ಟಡಗಳಲ್ಲಿ ಕೆಳಗೆ ಮಳಿಗೆ, ಮೇಲೆ ದಾಸ್ತಾನು ಹಾಗೂ ಕಾರ್ಯಾಗಾರಗಳಿದ್ದವು. ಎರಡನೆಯ ಮಹಾಯುದ್ಧದ ನಂತರ ಬಟ್ಟೆ ಮುಂತಾದ ಸಣ್ಣ ಉದ್ದಿಮೆಗಳು ಬೇರೆಡೆಗೆ ಸರಿದವು. ಈ ಪ್ರದೇಶದ ಮೂಲಕ ಹಾಯಬೇಕಿದ್ದ ಹೆದ್ದಾರಿ ಯೋಜನೆಯು 1969ರಲ್ಲಿ ಕೈಬಿಡುವವರೆಗೂ ತೂಗಾಡುತ್ತಿದ್ದುದರಿಂದ ಮಾಲೀಕರು ಹೊಸದಾಗಿ ಬಂಡವಾಳ ಹೂಡಲಿಲ್ಲ. ಬಾಡಿಗೆ ಅಗ್ಗವಾಗಿಯೇ ಉಳಿಯಿತು.

ಎತ್ತರದ ಚಾವಣಿ, ದೊಡ್ಡ ಕಿಟಕಿಗಳ ಬೆಳಕನ್ನು ಅರಸಿ ಬಂದ ಕಲಾವಿದರು ಕಾನೂನಿನ ಅನುಮತಿಯಿಲ್ಲದೆಯೇ ಇಲ್ಲಿ ನೆಲೆಸಿದರು. ಕೊಳಾಯಿ, ಒಲೆಗಳನ್ನು ತಾವೇ ಜೋಡಿಸಿಕೊಂಡರು. ಕರೆಗಂಟೆಯಿಲ್ಲದ್ದರಿಂದ ಬೀದಿಯಲ್ಲಿ ನಿಂತು ಕೂಗಿದವರಿಗೆ ಕಾಲುಚೀಲದಲ್ಲಿ ಬೀಗದ ಕೈ ಇಟ್ಟು ಕಿಟಕಿಯಿಂದ ಎಸೆಯುತ್ತಿದ್ದರು. ಬಿಟ್ಟುಹೋಗುವವರು ತಾವು ಮಾಡಿದ ಜೋಡಣೆಗಳಿಗೆ ಹೊಸಬರಿಂದ ಹಣ ಪಡೆಯುವ ಪದ್ಧತಿಯೂ ಬೆಳೆಯಿತು. ಹೀಗೆ ಬರಹದ ನಿಯಮಕ್ಕಿಂತ ಮೊದಲೇ ರೂಢಿಯ ನಿಯಮವೊಂದು ರೂಪುಗೊಂಡಿತು.

ಶಾಸನವು ಈ ರೂಢಿಯನ್ನು ಹಿಂಬಾಲಿಸಿತು. 1961ರಲ್ಲಿ ಕಲಾವಿದರ ಸಂಘಟನೆಯ ಒತ್ತಡಕ್ಕೆ ನಗರಾಡಳಿತವು ಮಣಿಯಿತು. ಮೇಲೆ ಜನ ವಾಸವಿರುವುದು ಅಗ್ನಿಶಾಮಕರಿಗೆ ತಿಳಿಯುವಂತೆ ಬಾಗಿಲ ಬಳಿ ‘ಎ.ಐ.ಆರ್.’, ಅಂದರೆ ‘ನಿವಾಸಿ ಕಲಾವಿದ’ ಎಂಬ ಫಲಕ ಹಾಕುವ ಕ್ರಮ ಬಂದಿತು. 1964ರ ರಾಜ್ಯ ಕಾನೂನು ವಾಣಿಜ್ಯ ಕಟ್ಟಡಗಳಲ್ಲಿ ಕಲಾವಿದರ ವಾಸಕ್ಕೆ ಷರತ್ತುಬದ್ಧ ಅವಕಾಶ ನೀಡಿತು. 1971ರಲ್ಲಿ ಸೋಹೋದಲ್ಲಿ ಪ್ರಮಾಣಪತ್ರ ಪಡೆದ ಕಲಾವಿದರ ವಾಸವು ಸಕ್ರಮವಾಯಿತು. 1973ರಲ್ಲಿ ಎರಕದ ಕಬ್ಬಿಣದ ಕಟ್ಟಡಗಳು ಪಾರಂಪರಿಕ ವಲಯವೆಂದು ರಕ್ಷಣೆ ಪಡೆದವು.

ಆದರೆ ಮೇಲಂತಸ್ತುಗಳ ಬಾಡಿಗೆದಾರರಿಗೆ ಬಾಡಿಗೆ ಹಾಗೂ ಸುರಕ್ಷತೆಯ ಭದ್ರತೆ ನೀಡುವ ‘ಲಾಫ್ಟ್ ಕಾನೂನು’ ಬಂದುದು 1982ರಲ್ಲಿ, ಅಂದರೆ ಕಟ್ಟಡಗಳಿಗೆ ರಕ್ಷಣೆ ದೊರೆತ ಒಂಬತ್ತು ವರ್ಷಗಳ ನಂತರ. ಅಷ್ಟರಲ್ಲಿ ಬಾಡಿಗೆ ಏರಿ, ಸ್ಥಿತಿವಂತರು ಬರತೊಡಗಿದ್ದರು. ಕಲಾವಿದರ ಬದುಕಿನ ರೀತಿಯೇ ಮಾರುಕಟ್ಟೆಯ ಸರಕಾದುದನ್ನು ಸಮಾಜಶಾಸ್ತ್ರಜ್ಞೆ ಶಾರನ್ ಜೂಕಿನ್ ಅದೇ ವರ್ಷ ಪ್ರಕಟವಾದ ‘ಲಾಫ್ಟ್ ಲಿವಿಂಗ್’ ಕೃತಿಯಲ್ಲಿ ವಿಶ್ಲೇಷಿಸಿದ್ದಾರೆ. 2021ರ ವಲಯ ತಿದ್ದುಪಡಿಯು ಕಲಾವಿದರಲ್ಲದವರ ವಾಸಕ್ಕೂ ಅವಕಾಶ ಕಲ್ಪಿಸಿತು.

ನಗರ ಜಾನಪದದ ದೃಷ್ಟಿಯಿಂದ ಸೋಹೋದ ಪಾಠ ಸ್ಪಷ್ಟವಾಗಿದೆ. ರೂಢಿಯನ್ನು ಸಕ್ರಮಗೊಳಿಸಿದ ಮಾತ್ರಕ್ಕೆ ರೂಢಿಗಾರರು ಉಳಿಯುವುದಿಲ್ಲ. ಹಳೆಯ ಪೇಟೆಗಳ ಪುನರುಜ್ಜೀವನವನ್ನು ಯೋಜಿಸುವವರು ಕಟ್ಟಡಗಳ ದಾಖಲೆಯೊಡನೆ, ಅವುಗಳಲ್ಲಿ ಬದುಕು ಕಟ್ಟಿಕೊಂಡವರ ಬಾಡಿಗೆಯ ಭದ್ರತೆಯನ್ನೂ ಮೊದಲೇ ಪರಿಗಣಿಸುವುದು ಅಗತ್ಯ.