ಮಿಥಿಂಕ್ಸ್: ಇಂಗ್ಲಿಷಿನ ಹಳೆಯ ‘ನನಗನಿಸುತ್ತದೆ’

‘ಮಿಥಿಂಕ್ಸ್’ ಈಗ ಬಳಕೆ ತಪ್ಪಿರುವ ಇಂಗ್ಲಿಷ್ ಕ್ರಿಯಾಪದ. ‘ನನಗನಿಸುತ್ತದೆ’ ಎಂಬುದು ಇದರ ಅರ್ಥ. ಷೇಕ್ಸ್‌ಪಿಯರನ ನಾಟಕಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ‘ಹ್ಯಾಮ್ಲೆಟ್’ನ ಮೂರನೆಯ ಅಂಕದಲ್ಲಿ ರಾಣಿ ಗರ್ಟ್ರೂಡ್ ಆಡುವ ಪ್ರಸಿದ್ಧ ಮಾತಿನಲ್ಲೂ ಇದೆ. ‘ಐ ಥಿಂಕ್’ ಎಂದು ಕಲಿತವರಿಗೆ ಈ ರೂಪ ವ್ಯಾಕರಣದೋಷದಂತೆ ಕಾಣುತ್ತದೆ. ದೋಷವೇನೂ ಇಲ್ಲ. ಇಲ್ಲಿರುವುದು ಬೇರೆಯದೇ ‘ಥಿಂಕ್’.

ಸುಮಾರು 1100ರವರೆಗಿನ ಪ್ರಾಚೀನ ಇಂಗ್ಲಿಷಿನಲ್ಲಿ ‘ಥೆಂಚನ್’, ‘ಥ್ಯುಂಚನ್’ ಎಂಬ ಎರಡು ಧಾತುಗಳಿದ್ದವು. ಮೊದಲನೆಯದಕ್ಕೆ ‘ಯೋಚಿಸು’ ಎಂದೂ ಎರಡನೆಯದಕ್ಕೆ ‘ಅನಿಸು, ತೋರು’ ಎಂದೂ ಅರ್ಥ. ಯೋಚಿಸುವವನು ಪ್ರಥಮಾ ವಿಭಕ್ತಿಯಲ್ಲಿದ್ದರೆ, ಅನಿಸುವುದು ಯಾರಿಗೋ ಅವರು ಚತುರ್ಥಿಯಲ್ಲಿರುತ್ತಿದ್ದರು. ಆದ್ದರಿಂದ ‘ಮಿಥಿಂಕ್ಸ್’ನ ‘ಮಿ’ ಎಂದರೆ ‘ನನಗೆ’. ಕೊನೆಯ ‘ಸ್’ ಅನ್ಯಪುರುಷ ಏಕವಚನದ ಪ್ರತ್ಯಯ. ಕನ್ನಡದ ‘ನಾನು ಯೋಚಿಸುತ್ತೇನೆ’, ‘ನನಗೆ ಅನಿಸುತ್ತದೆ’ ಎಂಬ ವಾಕ್ಯಗಳ ನಡುವೆಯೂ ಇದೇ ವ್ಯತ್ಯಾಸವಿದೆ. ‘ಯೋಚಿಸುತ್ತೇನೆ’ ಎಂಬುದು ‘ನಾನು’ವಿಗೆ ಹೊಂದಿಕೊಳ್ಳುತ್ತದೆ; ‘ಅನಿಸುತ್ತದೆ’ ಎಂಬುದು ನನಗಾದರೂ ನಿಮಗಾದರೂ ಬದಲಾಗುವುದಿಲ್ಲ.

ಒಂಬತ್ತನೆಯ ಶತಮಾನದ ಕೊನೆಗೆ ಆಲ್ಫ್ರೆಡ್ ದೊರೆ ಪೋಪ್ ಗ್ರೆಗರಿಯ ಲ್ಯಾಟಿನ್ ಗ್ರಂಥವೊಂದನ್ನು ಇಂಗ್ಲಿಷಿಗೆ ತಂದು, ಅದಕ್ಕೆ ಬಿಷಪ್ಪರನ್ನು ಉದ್ದೇಶಿಸಿದ ಮುನ್ನುಡಿ ಬರೆದ. ಎಲ್ಲರೂ ತಿಳಿದಿರಬೇಕಾದ ಪುಸ್ತಕಗಳನ್ನು ಜನರಿಗೆ ಅರ್ಥವಾಗುವ ಭಾಷೆಗೆ ತರುವುದೇ ಒಳಿತು ಎಂಬ ಸಲಹೆ ಅದರಲ್ಲಿದೆ. ಅಲ್ಲಿ ದೊರೆ ತನಗೆ ಅನಿಸಿದ್ದನ್ನು ಹೇಳುವುದಕ್ಕೂ, ಬಿಷಪ್ಪರಿಗೂ ಹಾಗೆಯೇ ಅನಿಸುವುದಾದರೆ ಎನ್ನುವುದಕ್ಕೂ ಬಳಸಿದ್ದು ಇದೇ ‘ಥ್ಯುಂಚನ್’ ಧಾತುವನ್ನು.

ಮುಂದಿನ ಶತಮಾನಗಳಲ್ಲಿ ಸ್ವರಗಳು ಬದಲಾಗಿ ಎರಡೂ ಧಾತುಗಳು ‘ಥಿಂಕ್’ ಎಂಬ ಒಂದೇ ರೂಪಕ್ಕೆ ಬಂದವು. ಎರಡರ ಭೂತಕಾಲವೂ ‘ಥಾಟ್’ ಆಯಿತು. ವಿಭಕ್ತಿ ಪ್ರತ್ಯಯಗಳು ಸವೆದು, ವಾಕ್ಯದ ಮೊದಲಿಗೆ ಕರ್ತೃಪದ ಬರಲೇಬೇಕೆಂಬ ಕ್ರಮ ಬಲವಾಯಿತು. ಹೀಗೆ ‘ಅನಿಸು’ವಿನ ಜಾಗವನ್ನೂ ‘ಯೋಚಿಸು’ವೇ ಆಕ್ರಮಿಸಿತು. ಆದರೆ ಜರ್ಮನ್ ಭಾಷೆಯಲ್ಲಿ ‘ಡೆಂಕೆನ್’, ‘ಡ್ಯುಂಕೆನ್’ ಎಂಬ ಜೋಡಿ ಬೇರೆಬೇರೆಯಾಗಿಯೇ ಉಳಿದಿದೆ.

‘ಲೈಕ್’ ಕ್ರಿಯಾಪದದ ಕತೆಯೂ ಇಂಥದೇ. ‘ಹಿಡಿಸು’ ಎಂಬುದು ಅದರ ಮೂಲಾರ್ಥ. ಹಿಡಿಸಿದ ವಸ್ತು ಕರ್ತೃವಾಗಿ, ಅದು ಯಾರಿಗೆ ಹಿಡಿಸಿತೋ ಅವರು ಚತುರ್ಥಿಯಲ್ಲಿ ನಿಲ್ಲುತ್ತಿದ್ದರು. ಹಸಿವನ್ನೂ ಆ ಕಾಲದ ಇಂಗ್ಲಿಷ್ ‘ನನಗೆ ಹಸಿಯುತ್ತದೆ’ ಎಂಬ ಧಾಟಿಯಲ್ಲೇ ಹೇಳುತ್ತಿತ್ತು. ಆ ವಾಕ್ಯರಚನೆ ಮರೆಯಾದ ಮೇಲೆ ‘ಮಿಥಿಂಕ್ಸ್’, ಅದರ ಭೂತಕಾಲದ ‘ಮಿಥಾಟ್’ ಎರಡೂ ಬಿಡಿಸಲಾಗದ ಒಂಟಿಪದಗಳಾಗಿ ಕಾವ್ಯ ನಾಟಕಗಳಲ್ಲಿ ಉಳಿದುಕೊಂಡವು.