ಹಳೆಯ ಸೈಕಲ್ಲಿನ ಮನೆತನ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಸೈಕಲ್ ತುಳಿಯುವವರು ಹಲವರು. ತಂದೆಯವರ ಸೈಕಲನ್ನು ಊರಿನಿಂದ ತಂದವರೂ ಉಂಟು, ಹಳೆಯ ಮಾಲಿನ ಪೇಟೆಯಲ್ಲಿ ಕೊಂಡವರೂ ಉಂಟು. ಈಚೆಗೆ ಸದಸ್ಯರೊಬ್ಬರು ಅಂಥದೊಂದು ಸೈಕಲನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಲು ಹೊರಟಿದ್ದರು. ಬಣ್ಣ ಹೋಗಿತ್ತು, ಹೆಸರಿನ ಬಿಲ್ಲೆಯೂ ಬಿದ್ದುಹೋಗಿತ್ತು. ಜಿಡ್ಡು ಒರೆಸಿ ನೋಡಿದರೆ ಪೆಡಲಿನ ಹಲ್ಲುಚಕ್ರದಲ್ಲಿ ಐವರು ಮನುಷ್ಯರ ಆಕೃತಿಗಳು! ಅದು ಇಂಗ್ಲೆಂಡಿನ ಹಂಬರ್. ಗುಜರಿಯ ದಾರಿ ಹಿಡಿದುದು ಮನೆಗೆ ಮರಳಿತು. ಇತರರಿಗೂ ಉಪಯೋಗವಾದೀತೆಂದು ಈ ಗುರುತುಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲು ಒಂದು ಮಾತು. ಬಿಲ್ಲೆ, ಬಣ್ಣ, ಸೀಟು, ಬೆಲ್ಲು ಇವನ್ನು ಯಾರು ಬೇಕಾದರೂ ಬದಲಿಸಬಲ್ಲರು. ಆದುದರಿಂದ ಇವುಗಳ ಸಾಕ್ಷಿ ದುರ್ಬಲ. ಬ್ರೂಕ್ಸ್ ಚರ್ಮದ ಸೀಟನ್ನು ಹತ್ತಾರು ಕಂಪನಿಗಳು ಬಳಸಿವೆ. ಚೌಕಟ್ಟಿನ ಸಾಕ್ಷಿಯೇ ಗಟ್ಟಿ.

ಹಲ್ಲುಚಕ್ರವನ್ನು ನೋಡಿರಿ. ಕೊಕ್ಕರೆಯ ತಲೆಗಳಿದ್ದರೆ ರ‍್ಯಾಲೆ. ತೆರೆದ ಅಂಗೈ ಇದ್ದರೆ ರಡ್ಜ್. ಬಿ.ಎಸ್.ಎ. ಎಂಬ ಅಕ್ಷರಗಳಿದ್ದರೆ, 1861ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬಂದೂಕು ಮಾಡಲು ಹುಟ್ಟಿದ ಕಂಪನಿಯದು. ಅದರ ಬಿಲ್ಲೆಯ ಮೇಲೆ ಮೂರು ಕೋವಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿರುವುದು ಅದೇ ಕಾರಣದಿಂದ. ಆದರೆ ಬಿ.ಎಸ್.ಎ. ತನ್ನ ಬಿಡಿಭಾಗಗಳನ್ನು ಬೇರೆಯವರಿಗೂ ಮಾರುತ್ತಿತ್ತು. ಅಕ್ಷರ ಕಂಡ ಮಾತ್ರಕ್ಕೆ ಚೌಕಟ್ಟೂ ಅದರದೇ ಎನ್ನಬೇಡಿರಿ.

ಆಮೇಲೆ ಮುಂದಿನ ಫೋರ್ಕು. ಒಂದೊಂದು ಕಾಲೂ ಎರಡೆರಡು ಸಣ್ಣ ಕೊಳವೆಗಳಿಂದಾಗಿದ್ದರೆ ಅದು ಹಂಬರಿನ ಪ್ರಸಿದ್ಧ ಜೋಡಿ ಫೋರ್ಕು. ಅನೇಕ ರ‍್ಯಾಲೆಗಳಲ್ಲಿ ಫೋರ್ಕಿನ ಎರಡು ಕಾಲುಗಳ ನೆತ್ತಿಗೂ ಹೊಳೆಯುವ ಟೊಪ್ಪಿಗೆ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಕಣ್ಣಿಗೆ ಬೀಳದು. ಪೆಡಲಿನ ಅಚ್ಚು ಕೂರುವ ಕೊಳವೆಯಲ್ಲಿ ಇಂಗ್ಲಿಷ್ ಸೈಕಲುಗಳಿಗೆ ಸಾಮಾನ್ಯವಾಗಿ ಅಂಗುಲಕ್ಕೆ 24 ತಿರುಪಿನ ಸುತ್ತು. ನಾಟಿಂಗ್‌ಹ್ಯಾಮಿನ ರ‍್ಯಾಲೆಗೆ ಮಾತ್ರ 26. ರ‍್ಯಾಲೆ ಕಂಪನಿ 1932ರಲ್ಲಿ ಹಂಬರನ್ನೂ 1943ರಲ್ಲಿ ರಡ್ಜನ್ನೂ ಕೊಂಡುದರಿಂದ, ಆ ಬಳಿಕ ಅಲ್ಲಿ ತಯಾರಾದ ಆ ಹೆಸರಿನ ಸೈಕಲುಗಳನ್ನೂ ಇದೇ ಎಚ್ಚರದಿಂದ ನೋಡಬೇಕು. ತಿಳಿಯದೆ 24ರ ಕಪ್ಪನ್ನು ಬಲವಂತವಾಗಿ ತಿರುಗಿಸಿದರೆ ಒಳಗಿನ ಸುತ್ತುಗಳು ಕೆಟ್ಟು ಚೌಕಟ್ಟೇ ಹಾಳಾಗುತ್ತದೆ. ಕುಲ ತಿಳಿಯುವುದು ಕೇವಲ ಅಭಿಮಾನಕ್ಕಲ್ಲ, ದುರಸ್ತಿಗೂ ಬೇಕು.

ಕೊಕ್ಕರೆ ಇದ್ದುದೆಲ್ಲ ವಿಲಾಯಿತಿಯದಲ್ಲ ಎಂಬುದೂ ನೆನಪಿರಲಿ. ಆಸನ್‌ಸೋಲಿನ ಸೆನ್-ರ‍್ಯಾಲೆ ಕಾರ್ಖಾನೆ 1950ರ ದಶಕದಿಂದ ನಮ್ಮ ದೇಶದಲ್ಲೇ ರ‍್ಯಾಲೆಗಳನ್ನು ಮಾಡುತ್ತಿತ್ತು. ಹರ್ಕ್ಯುಲಿಸ್ ಮೊದಲು ಬರ್ಮಿಂಗ್‌ಹ್ಯಾಮಿನಿಂದ ಬರುತ್ತಿತ್ತು. 1949ರಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್ ಅದನ್ನು ಮದ್ರಾಸಿನ ಬಳಿಯ ಅಂಬತ್ತೂರಿನಲ್ಲಿ ಮಾಡತೊಡಗಿತು. ಬಿಲ್ಲೆ ಉಳಿದಿದ್ದರೆ ಅದರ ಮೇಲಿನ ಊರಿನ ಹೆಸರನ್ನು ಓದಿರಿ.

ವಯಸ್ಸು ತಿಳಿಯಬೇಕೆ? ಹಿಂದಿನ ಚಕ್ರದಲ್ಲಿ ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್ಬಿದ್ದರೆ ಅದರ ಮೈಮೇಲೆ ಅಂಕೆಗಳನ್ನು ಹುಡುಕಿರಿ. 55 ಮತ್ತು 3 ಎಂದಿದ್ದರೆ 1955ರ ಮಾರ್ಚ್. ಅದು ಹಬ್ಬಿನ ಹುಟ್ಟಿದ ತಿಂಗಳು. ಚಕ್ರ ಬದಲಾಗಿದ್ದರೆ ಸೈಕಲ್ಲಿನ ವಯಸ್ಸು ಬೇರೆ. ಚೌಕಟ್ಟಿನ ಅಂಕೆಯನ್ನು ಸೀಟಿನ ಕೆಳಗಿನ ಬೆಸುಗೆಯ ಬಳಿ, ಇಲ್ಲವೇ ಪೆಡಲಿನ ಅಚ್ಚಿನ ಅಡಿಯಲ್ಲಿ ನೋಡಿರಿ.

ಒಂದೇ ಗುರುತನ್ನು ನಂಬಿ ಹಣ ಕೊಡಬೇಡಿರಿ. ಎರಡು ಮೂರು ಗುರುತುಗಳು ಒಂದೇ ಮಾತು ಹೇಳಿದರೆ ನಂಬಿರಿ. ಹಾಗೆಯೇ, ಮನೆಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿರುವುದನ್ನು ತಕ್ಕಡಿಗೆ ಹಾಕುವ ಮುಂಚೆ ಎಣ್ಣೆಬಟ್ಟೆಯಿಂದ ಒಮ್ಮೆ ಒರೆಸಿ ನೋಡಿರಿ. ನಮ್ಮ ಹಿರಿಯರು ಎಷ್ಟೋ ತಿಂಗಳ ಸಂಬಳ ಕೂಡಿಟ್ಟು ಕೊಂಡ ವಸ್ತು ಅದು.